‘ಅಜ್ಜನಿಗೆ ನನ್ನಿಂದಲೇ ಆಯ್ತಾ?’

ರಜೆಗೆ ಊರಿಗೆ ಬಂದ ಹನ್ನೊಂದು ವರ್ಷದ ಮಗಳು ಸರಿಯಾಗಿ ಊಟ ಮಾಡುತ್ತಿಲ್ಲ, ರಾತ್ರಿ ನಿದ್ದೆಯಿಲ್ಲ, ದಿನಕ್ಕೆ ಎಷ್ಟೋ ಸಲ ಕಾಲು ತೊಳೆಯುತ್ತಾಳೆ. ತಾಯಿ ಫೋನಿನಲ್ಲಿ ಹೇಳಿದ್ದು ಇಷ್ಟು. ಮೇ ತಿಂಗಳು. ಬ್ರಹ್ಮಾವರದ ಕಡೆಯ ಮನೆ. ಬಾವಿ ತಳ ಕಂಡು, ಒಂದೊಂದು ಕೊಡ ನೀರಿಗೂ ಲೆಕ್ಕ ಇಡುವ ದಿನಗಳು. “ನೀರು ಖಾಲಿ ಮಾಡ್ತಾಳೆ ಅಂತ ಅತ್ತೆ ಬೈತಾರೆ ಮೇಡಂ. ಬೈದಷ್ಟೂ ಇವಳು ಜಾಸ್ತಿ ತೊಳೀತಾಳೆ” ಎಂದರು.

ನಾನು ಆಪ್ತಸಲಹೆ ಮಾಡುವುದು ಉಡುಪಿಯಲ್ಲಿ. ಅಲ್ಲಿಗೆ ಕರೆದುಕೊಂಡು ಬನ್ನಿ ಎಂದೆ. ಇದನ್ನು ಬರೆಯಲು ತಾಯಿ ಒಪ್ಪಿದ್ದಾರೆ, ಹುಡುಗಿಯನ್ನೂ ಕೇಳಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅವಳನ್ನು ಇಲ್ಲಿ ಪುಟ್ಟಿ ಅಂತ ಕರೆಯುತ್ತೇನೆ.

ತಂದೆಗೆ ಬೆಂಗಳೂರಿನಲ್ಲಿ ಕೆಲಸ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಸಿಕ್ಕಿದ ಕೂಡಲೇ ತಾಯಿ, ಮಗಳು ತಂದೆಯ ಊರಿಗೆ ಬರುವುದು ರೂಢಿ. ಮನೆಯ ಹಿಂದೆ, ಗದ್ದೆಯ ಅಂಚಿನಲ್ಲಿ ಕುಟುಂಬದ ನಾಗಬನ, ನಾಗನ ಕಲ್ಲಿಗೆ ಪೂಜೆ ನಡೆಯುವ ಮರಗಳ ಗುಂಪು. ಈ ಸಲ ಒಂದು ಸಂಜೆ ಮಕ್ಕಳು ಷಟಲ್ ಆಡುವಾಗ ಕಾಕ್ ಹಾರಿ ಬನದೊಳಗೆ ಬಿತ್ತು. ಪುಟ್ಟಿ ಓಡಿ ಹೋದಳು. ಚಪ್ಪಲಿ ಕಾಲಿನಲ್ಲೇ ಕಟ್ಟೆ ಹತ್ತಿ, ನಾಗನ ಕಲ್ಲಿನ ಪಕ್ಕ ಬಿದ್ದಿದ್ದ ಕಾಕ್ ಎತ್ತಿಕೊಂಡು ಬಂದಳು. ಅಜ್ಜಿ ನೋಡಿದರು. “ಎಂತ ಮಾಡಿದೆ ನೀನು? ನಾಗ ಸುಮ್ನೆ ಬಿಡುದಿಲ್ಲೆ” ಎಂದು ಗದರಿದರು. ಕಾಲು ತೊಳೆಸಿ ದೇವರ ಮುಂದೆ ಅಡ್ಡ ಬೀಳಿಸಿದರು. ಅಲ್ಲಿಗೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು.

ವಾರ ಕಳೆಯುವುದರೊಳಗೆ ಅಜ್ಜನ ಎದೆಯ ಎಡಬದಿಯಲ್ಲಿ ಉರಿ ಶುರುವಾಯಿತು. ಆಮೇಲೆ ಸಾಲಾಗಿ ಗುಳ್ಳೆ ಎದ್ದವು. ಸರ್ಪಸುತ್ತು. ನಾಗನ ಸಿಟ್ಟಿಗೂ ಈ ಕಾಯಿಲೆಗೂ ನಮ್ಮ ಕಡೆ ಹಿಂದಿನಿಂದಲೂ ಗಂಟು ಹಾಕುತ್ತಾರೆ, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜನನ್ನು ನೋಡಲು ಬಂದ ದೊಡ್ಡತ್ತೆ, ಅಂದರೆ ತಂದೆಯ ಅಕ್ಕ, ಜಗಲಿಯಲ್ಲಿ ಕೂತು ಎಲ್ಲರೆದುರು ಹೇಳಿಬಿಟ್ಟರು: “ಬನಕ್ಕೆ ಚಪ್ಪಲಿ ಹಾಕಿ ಹೋದದ್ದಕ್ಕೆ ಫಲ ಸಿಕ್ಕಿತಲ್ಲ.” ನೆರೆಮನೆಯವರೊಬ್ಬರು ಇನ್ನೊಂದು ಸೇರಿಸಿದರು. ಸುತ್ತು ಬೆಳೆದು ಸರ್ಪದ ತಲೆ, ಬಾಲ ಕೂಡಿದರೆ ಜೀವ ಉಳಿಯುವುದಿಲ್ಲವಂತೆ. ಪುಟ್ಟಿ ಬಾಗಿಲ ಹಿಂದೆ ನಿಂತಿದ್ದಳು.

ತಾಯಿಯನ್ನು ಹೊರಗೆ ಕೂರಿಸಿ ಪುಟ್ಟಿಯ ಜೊತೆ ಮಾತಾಡಿದೆ. ತುಂಬ ಹೊತ್ತು ಬರೀ ತಲೆ ಅಲ್ಲಾಡಿಸಿದಳು. ಕೊನೆಗೆ ಚೀಲದಿಂದ ರಫ್ ನೋಟ್‌ಬುಕ್ ತೆಗೆದು ಹಿಂದಿನ ಹಾಳೆ ತೋರಿಸಿದಳು. ಕೈವಾರದಲ್ಲಿ ಬಿಡಿಸಿದ ವೃತ್ತಗಳು, ಒಂದೊಂದರ ಕೆಳಗೂ ತಾರೀಕು. ಪ್ರತಿ ವೃತ್ತದ ಸ್ವಲ್ಪ ಭಾಗವನ್ನು ಪೆನ್ಸಿಲಿನಿಂದ ದಪ್ಪ ಮಾಡಿದ್ದಳು. ವೃತ್ತ ಅಂದರೆ ಅಜ್ಜನ ಮೈ. ದಪ್ಪ ಗೆರೆ ಅಂದರೆ ಗುಳ್ಳೆ ಎಲ್ಲಿಯವರೆಗೆ ಬಂದಿದೆ ಅನ್ನುವುದು. ಬೆಳಿಗ್ಗೆ ಅಜ್ಜನಿಗೆ ಮುಲಾಮು ಹಚ್ಚುವಾಗ ಪಕ್ಕದಲ್ಲಿ ನಿಂತು ನೋಡುವುದು, ಕೋಣೆಗೆ ಬಂದು ಗೆರೆ ಎಳೆಯುವುದು. “ಎರಡು ತುದಿ ಸೇರಿದ್ರೆ ಅಜ್ಜ ಸಾಯ್ತಾರಂತೆ. ಅಜ್ಜನಿಗೆ ನನ್ನಿಂದಲೇ ಆಯ್ತಾ ಆಂಟಿ?”

ಈ ಹಾಳೆಯ ವಿಷಯ ಮನೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆ ಗೆರೆಗಳನ್ನು ನೋಡುವಾಗ ನನ್ನ ಹೊಟ್ಟೆಯಲ್ಲಿ ಸಂಕಟವಾಯಿತು. ಅಜ್ಜನ ಸಾವನ್ನು ಒಬ್ಬಳೇ ಕಾಯುತ್ತಾ ಕೂತ ಮಗು ಅದು. ಮಗು ತನಗೆ ತಾನೇ ‘ತಪ್ಪು ನನ್ನದು’ ಅಂತ ತೀರ್ಮಾನಿಸಿಬಿಟ್ಟರೆ ಅದನ್ನು ಯಾರಲ್ಲೂ ಹೇಳುವುದಿಲ್ಲ. ಹೇಳಿದರೆ ಅದು ನಿಜ ಆಗಿಬಿಡುತ್ತದೆ ಎಂಬ ಭಯ. ಹೊರಗೆ ಕಾಣುವುದು ಹಟ, ಅಳು, ಹೊಟ್ಟೆನೋವು, ಕಾಲು ತೊಳೆಯುವುದು ಮಾತ್ರ.

ಸ್ವಿಸ್ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ 1930ರ ದಶಕದಲ್ಲೇ ಮಕ್ಕಳಲ್ಲಿ ಇದನ್ನು ಗಮನಿಸಿದ್ದರು. ಹಣ್ಣು ಕದ್ದು ಓಡುವ ಹುಡುಗ, ದಾರಿಯಲ್ಲಿ ಹಳೆಯ ಸೇತುವೆ ಮುರಿದು ನೀರಿಗೆ ಬೀಳುತ್ತಾನೆ. ಅವನು ಕದಿಯದೆ ಇದ್ದಿದ್ದರೆ ಸೇತುವೆ ಮುರಿಯುತ್ತಿತ್ತಾ ಅಂತ ಕೇಳಿದರೆ, ಚಿಕ್ಕ ಮಕ್ಕಳು ಹೆಚ್ಚಾಗಿ ಇಲ್ಲ ಅನ್ನುತ್ತಾರೆ. ತಪ್ಪಿಗೆ ಶಿಕ್ಷೆ ತಾನಾಗಿಯೇ ಬರುತ್ತದೆ ಎಂಬ ನಂಬಿಕೆ ಆ ವಯಸ್ಸಿನಲ್ಲಿ ಸಹಜ. ಬೆಳೆಯುತ್ತಾ ಸಡಿಲವಾಗುತ್ತದೆ. ಆದರೆ ಮನೆಯ ಹಿರಿಯರೇ ‘ಹೌದು, ಹಾಗೇ’ ಅಂದರೆ ಹನ್ನೊಂದು ವರ್ಷದ ಮಗು ಎಲ್ಲಿಗೆ ಹೋಗಬೇಕು?

ಅಜ್ಜನಿಗೆ ಗುಣ ಆಗಲಿ ಅಂತ ಏನೇನು ಮಾಡುತ್ತಿದ್ದೀಯ ಅಂತ ಕೇಳಿದೆ. ಕಾಲು ತೊಳೆಯುವಾಗ ಮೂರು ಸಲ ‘ತಪ್ಪಾಯ್ತು’ ಅನ್ನಬೇಕು, ನಡುವೆ ಯಾರಾದರೂ ಕರೆದರೆ ಮೊದಲಿನಿಂದ ಶುರು. ಹೇಳಿದ ಮೇಲೆ ಹಗುರ ಆಗುತ್ತಾ ಅಂದೆ. “ಸ್ವಲ್ಪ ಹೊತ್ತು. ಆಮೇಲೆ ಸರಿಯಾಗಿ ಹೇಳಿಲ್ಲ ಅನ್ಸತ್ತೆ.” ಇದನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿರಲಿಲ್ಲ. ಗೀಳು ಕಾಯಿಲೆ ಕೆಲವು ಮಕ್ಕಳಲ್ಲಿ ಹೀಗೇ ಕಾಣಿಸಿಕೊಳ್ಳುತ್ತದೆ. ಆದರೆ ಮೊದಲು ಈ ತರಹ ಇರಲಿಲ್ಲ, ಶುರುವಾಗಿ ಹೆಚ್ಚು ದಿನ ಆಗಿರಲಿಲ್ಲ, ಕಾರಣ ಕಣ್ಣೆದುರೇ ಇತ್ತು. ಹಾಗಾಗಿ ಮೊದಲು ಮನೆಯವರ ಜೊತೆ ಕೆಲಸ, ಶಾಲೆ ಶುರುವಾದ ಮೇಲೂ ಮುಂದುವರಿದರೆ ಮಕ್ಕಳ ಮನೋವೈದ್ಯರು ಅಂತ ತಾಯಿಗೆ ಹೇಳಿದೆ.

ಪುಟ್ಟಿಗೆ ‘ನಾಗ ಗೀಗ ಎಲ್ಲ ಸುಳ್ಳು’ ಅಂತ ನಾನು ಹೇಳಲಿಲ್ಲ. ಅವಳ ತಂದೆ ಅದನ್ನೇ ಬೆಂಗಳೂರಿನಿಂದ ವಿಡಿಯೋ ಕಾಲ್‌ನಲ್ಲಿ ದಿನಾ ಹೇಳುತ್ತಿದ್ದರು. ಅದರಿಂದ ಅವಳ ಹೆದರಿಕೆ ಇಮ್ಮಡಿಯಾಗಿತ್ತು: ಅಪ್ಪ ಹೀಗೆಲ್ಲ ಅಂದದ್ದಕ್ಕೆ ಈಗ ಅಪ್ಪನಿಗೂ ಏನಾದರೂ ಆದರೆ? ಹೆದರಿದ ಮಗುವಿನ ಮುಂದೆ ದೇವರು ಇದ್ದಾನಾ ಇಲ್ವಾ ಅಂತ ವಾದ ಮಾಡಬಾರದು. ಅವಳು ಕೇಳಿದ್ದು ಆ ಪ್ರಶ್ನೆಯೇ ಅಲ್ಲ. ತನ್ನಿಂದ ಅಜ್ಜನಿಗೆ ಹೀಗಾಯಿತಾ ಅಂತ ಕೇಳಿದ್ದಳು.

ಅದಕ್ಕೆ ಒಂದು ಉತ್ತರ ವೈದ್ಯರಲ್ಲಿತ್ತು. ಅಜ್ಜನನ್ನು ನೋಡುತ್ತಿದ್ದ ಚರ್ಮವೈದ್ಯರಿಗೆ ಫೋನ್ ಮಾಡಿ, ಮುಂದಿನ ಸಲ ಮೊಮ್ಮಗಳೂ ಬರುತ್ತಾಳೆ, ಅವಳಿಗೇ ಬಿಡಿಸಿ ಹೇಳಿ ಅಂತ ಕೇಳಿಕೊಂಡೆ. ಅವರು ತುಂಬ ತಾಳ್ಮೆಯಿಂದ ಹೇಳಿದರು. ಅಜ್ಜನಿಗೆ ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು, ಈಗ ನಾವು ಚಿಕನ್ ಪಾಕ್ಸ್ ಅನ್ನುವುದು, ಬಂದು ಹೋಗಿತ್ತು. ಆ ವೈರಸ್ ಮೈಯಿಂದ ಪೂರ್ತಿ ಹೋಗುವುದಿಲ್ಲ. ನರದ ಬುಡದಲ್ಲಿ ಅಡಗಿ ಕೂತಿರುತ್ತದೆ. ವಯಸ್ಸಾಗಿ ಮೈಯ ಶಕ್ತಿ ಇಳಿದಾಗ ಅದೇ ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ನರ ಬೆನ್ನುಹುರಿಯಿಂದ ಎಡಕ್ಕೊಂದು, ಬಲಕ್ಕೊಂದು ಹೊರಡುವುದರಿಂದ ಗುಳ್ಳೆ ಸಾಮಾನ್ಯವಾಗಿ ಒಂದೇ ಬದಿಯಲ್ಲಿ ನಿಲ್ಲುತ್ತದೆ. ಪುಟ್ಟಿ ಕೇಳಿದಳು: “ಅಂದ್ರೆ ನಾನು ಹುಟ್ಟೋಕೆ ಮೊದಲೇ ಅದು ಅಜ್ಜನ ಮೈಯಲ್ಲಿತ್ತಾ?” ನಿನ್ನ ಅಪ್ಪ ಹುಟ್ಟುವ ಮೊದಲೇ ಇತ್ತು ಅಂದರು ವೈದ್ಯರು. ಅವಳು ನೋಟ್‌ಬುಕ್ ತೆಗೆದು ಆ ವೃತ್ತಗಳ ನಡುವೆ ಉದ್ದಕ್ಕೆ ಒಂದು ಗೆರೆ ಹಾಕಿಸಿಕೊಂಡಳು. ಈ ಬದಿಯದ್ದು ಆ ಬದಿಗೆ ದಾಟುವುದಿಲ್ಲ ಅಂತ. ಅವಳಿಗೆ ಚಿಕನ್ ಪಾಕ್ಸ್ ಲಸಿಕೆ ಹಾಕಿಸಿದೆಯಾ ಅಂತಲೂ ವೈದ್ಯರು ಕೇಳಿದರು, ಏಕೆಂದರೆ ಹಸಿ ಗುಳ್ಳೆಯ ನೀರು ತಾಗಿದರೆ ಚಿಕನ್ ಪಾಕ್ಸ್ ಬಾರದವರಿಗೆ ಅದು ಬರಬಹುದು. ಲಸಿಕೆ ಆಗಿತ್ತು.

ಇಲ್ಲಿ ಓದುವವರಿಗೆ ಒಂದು ಮಾತು. ಸರ್ಪಸುತ್ತಿನ ಗುಳ್ಳೆ ಎದ್ದ 72 ಗಂಟೆಯೊಳಗೆ ವೈದ್ಯರು ಕೊಡುವ, ವೈರಸ್ ತಡೆಯುವ ಮಾತ್ರೆ ಶುರುವಾದರೆ ಒಳ್ಳೆಯದು. ಕೆಮ್ಮಣ್ಣು ಹಚ್ಚಿಸಿ, ಮಂತ್ರ ಹಾಕಿಸಿ ನೋಡೋಣ ಅಂತ ಆ ದಿನಗಳನ್ನು ಕಳೆಯಬೇಡಿ.

ವೈದ್ಯರ ಮಾತಿನಿಂದ ಪುಟ್ಟಿಯ ಮುಖ ಸ್ವಲ್ಪ ಅರಳಿತು, ಆದರೆ ಕಾಲು ತೊಳೆಯುವುದು ನಿಲ್ಲಲಿಲ್ಲ. ನಿಲ್ಲುವುದಿಲ್ಲ ಅಂತ ನನಗೆ ಅನ್ನಿಸಿತ್ತು. ‘ನಾಗ ಬಿಡುವುದಿಲ್ಲ’ ಎಂದ ಬಾಯಿ ವೈದ್ಯರದ್ದಲ್ಲ, ನನ್ನದೂ ಅಲ್ಲ. ಅಜ್ಜಿಯದ್ದು. ಆ ಮಾತನ್ನು ವಾಪಸ್ ತೆಗೆದುಕೊಳ್ಳುವ ಅಧಿಕಾರವೂ ಅಜ್ಜಿಗೆ ಮಾತ್ರ. ಈ ಪ್ರಕರಣದಲ್ಲಿ ನಾನು ಹೆಚ್ಚು ಹೊತ್ತು ಕೊಟ್ಟದ್ದು ಇದಕ್ಕೇ.

ಅಜ್ಜಿ ಉಡುಪಿಗೆ ಬರಲು ಒಪ್ಪಲಿಲ್ಲ, ಹಾಗಾಗಿ ನಾನೇ ಮನೆಗೆ ಹೋದೆ. ಅವರು ಹಲಸಿನ ಹಪ್ಪಳ ಒತ್ತುತ್ತಾ ಕೂತಿದ್ದರು. ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಗಳ ನಡುವೆ ಉಂಡೆ ಇಟ್ಟು, ಮಣೆಯಿಂದ ಒಮ್ಮೆ ಅದುಮಿ, ಓಲೆ ಚಾಪೆಗೆ ದಾಟಿಸುವುದು. ನನಗೂ ಒಂದು ಮಣೆ ಕೊಟ್ಟರು. ಗಂಡನ ಕಾಯಿಲೆಯಿಂದ ಅವರೂ ಸೋತಿದ್ದರು. ರಾತ್ರಿ ಅಜ್ಜ ನೋವಿನಿಂದ ನರಳುವಾಗ ಪಕ್ಕದಲ್ಲಿ ಎದ್ದು ಕೂತಿರುವವರು ಅವರೇ. ಸೊಸೆ ಆಪ್ತಸಲಹೆಗೆ ಹೋದದ್ದು ತನ್ನ ಮೇಲೆ ದೂರು ಕೊಟ್ಟ ಹಾಗೆ ಅನ್ನಿಸಿತ್ತು ಅವರಿಗೆ.

“ಹಾಗಾದರೆ ನಾಗ ಇಲ್ಲ ಅಂತೀರಾ ನೀವು?” ಅಂತ ನೇರವಾಗಿ ಕೇಳಿದರು.

“ಅದನ್ನು ಹೇಳಲು ನಾನು ಬಂದಿಲ್ಲ ಅಮ್ಮ. ಮಗು ಚಪ್ಪಲಿ ಹಾಕಿ ಬಂದಳು ಅಂತ ಅವಳ ಅಜ್ಜನ ಮೇಲೆ ಸಿಟ್ಟು ತೀರಿಸಿಕೊಳ್ಳುವವನಾ ನಿಮ್ಮ ನಾಗ? ನೀವು ಇಷ್ಟು ವರ್ಷ ಹಾಲಿನ ತನು ಎರೆದ ನಾಗ?”

ಅವರು ಮಾತಾಡದೆ ಎರಡು ಹಪ್ಪಳ ಒತ್ತಿದರು. ಆಮೇಲೆ ಹೇಳಿದರು: “ನಾನು ಈ ಮನೆಗೆ ಬಂದ ಲಾಗಾಯ್ತು ನೋಡಿದ್ದೇನೆ. ನಾಗ ಈ ಮನೆ ಕಾದಿದ್ದಾನೆ. ಯಾರನ್ನೂ ಕಾಡಿದ್ದಿಲ್ಲ. ಮಕ್ಕಳು ಬನಕ್ಕೆ ನುಗ್ಗಬಾರದು, ಮರ ಮುರಿಯಬಾರದು ಅಂತ ಹಾಗೆ ಹೇಳುದು ನಾವು.”

“ಈ ಮಾತನ್ನು ಹೀಗೇ ಪುಟ್ಟಿಗೆ ಹೇಳಿ” ಎಂದೆ. ನೋಟ್‌ಬುಕ್ಕಿನ ವಿಷಯವನ್ನೂ ಹೇಳಿದೆ, ಪುಟ್ಟಿಯನ್ನು ಕೇಳಿಕೊಂಡೇ. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಬನಕ್ಕೆ ಮರ್ಯಾದೆ ಬೇಕು. ನನಗೂ ಅದರಲ್ಲಿ ಎರಡು ಮಾತಿಲ್ಲ. ಕರಾವಳಿಯಲ್ಲಿ ಗದ್ದೆ ತೋಟಗಳ ನಡುವೆ ಒಂದಿಷ್ಟು ದೊಡ್ಡ ಮರಗಳು ಕೊಡಲಿ ಕಾಣದೆ ಉಳಿದಿದ್ದರೆ ಅದು ಈ ಭಯಭಕ್ತಿಯಿಂದಲೇ. ಆದರೆ ನಿಯಮ ಹೇಳಲು ಬೆದರಿಕೆ ಬೇಕಾಗಿಲ್ಲ. ‘ಅದು ನಾಗನ ಜಾಗ. ಚಪ್ಪಲಿ ಬಿಟ್ಟು, ದೊಡ್ಡವರ ಜೊತೆ ಹೋಗಬೇಕು’ ಅಂದರೆ ಹನ್ನೊಂದು ವರ್ಷದವಳಿಗೆ ಅರ್ಥವಾಗುತ್ತದೆ.

ಇನ್ನೊಂದು ವಿಷಯ ಬಾಕಿ ಇತ್ತು. ದೊಡ್ಡತ್ತೆಯ ಒತ್ತಾಯದಿಂದ ನಾಗದೋಷದ ಪರಿಹಾರಕ್ಕೆ ಮಾಡುವ ಆಶ್ಲೇಷಾ ಬಲಿ ಪೂಜೆ ಮಾಡಿಸಲು ಮಾತಾಗಿತ್ತು, ಪುಟ್ಟಿಯ ಹೆಸರು, ನಕ್ಷತ್ರ ಹೇಳಿ, ಅವಳನ್ನೇ ಕೂರಿಸಿ ಪ್ರಾಯಶ್ಚಿತ್ತ ಅಂತ. ತಾಯಿ ಬೇಡ ಅಂದದ್ದಕ್ಕೆ ಮನೆಯಲ್ಲಿ ಮಾತುಕತೆಯೇ ನಿಂತಿತ್ತು. ನಾನು ಕೇಳಿಕೊಂಡದ್ದು ಒಂದೇ. ಪೂಜೆ ನಿಮ್ಮ ಮನೆಯದು, ಮಾಡಿಸುವುದಾದರೆ ಮಾಡಿಸಿ. ಆದರೆ ಅಜ್ಜನ ಆರೋಗ್ಯಕ್ಕೆ ಅಂತ ಅಜ್ಜನ ಹೆಸರಿನಲ್ಲಿ ಮಾಡಿಸಿ. ಪುಟ್ಟಿಯ ಹೆಸರಿನಲ್ಲಿ ತಪ್ಪೊಪ್ಪಿಗೆ ಮಾಡಿಸಿದರೆ ಅಜ್ಜನ ಕಾಯಿಲೆಗೆ ಅವಳೇ ಕಾರಣ ಅಂತ ಇಡೀ ಕುಟುಂಬದ ಎದುರು ಮುದ್ರೆ ಒತ್ತಿದ ಹಾಗೆ. ಆ ಮುದ್ರೆ ಅವಳ ಜೀವಮಾನ ಉಳಿಯಬಹುದು. ಅಜ್ಜಿ ಒಪ್ಪಿದರು. ಸೊಸೆಗೂ ಅದು ಸರಿ ಅನ್ನಿಸಿತು.

ತಂದೆ ಮಾತ್ರ ಮಗಳನ್ನು ಕೂಡಲೇ ಬೆಂಗಳೂರಿಗೆ ಕಳಿಸಿ, ಇನ್ನು ಊರೇ ಬೇಡ ಅನ್ನುತ್ತಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಮಗಳ ಮೇಲಿನ ಪ್ರೀತಿ ಅದು. ಆದರೆ ಅಜ್ಜ ಹಾಸಿಗೆಯಲ್ಲಿರುವಾಗ ಅವಳನ್ನು ಕರೆದೊಯ್ದರೆ, ಅಜ್ಜ ಗುಣವಾಗುವುದನ್ನು ಅವಳು ಕಣ್ಣಾರೆ ನೋಡುವುದಿಲ್ಲ. ಅವಳ ನೆನಪಿನಲ್ಲಿ ಉಳಿಯುವುದು ಗುಳ್ಳೆ, ಜಗಲಿಯ ಮಾತು ಇಷ್ಟೇ. ಗುಳ್ಳೆ ಒಣಗಿ ಹೊಪ್ಪಳೆ ಉದುರುವವರೆಗೆ ಇರಲಿ, ಸಾಧ್ಯವಾದರೆ ನೀವೇ ವಾರಾಂತ್ಯಕ್ಕೆ ಬನ್ನಿ ಎಂದೆ. ಬಂದರು. ತಮ್ಮ ತಾಯಿಯ ಜೊತೆ ಜಗಳವಾಡದೆ ಎರಡು ದಿನ ಇದ್ದರು.

ಕಾಲು ತೊಳೆಯುವುದಕ್ಕೆ ಮನೆಯವರಿಗೆ ಹೇಳಿದ ದಾರಿ ಸರಳ. ಬೈಯುವುದು ನಿಲ್ಲಿಸಿ. ಹೊರಗಿನಿಂದ ಬಂದಾಗ ಎಲ್ಲರೂ ತೊಳೆಯುತ್ತಾರಲ್ಲ, ಹಾಗೆ ಅಜ್ಜಿಯ ಜೊತೆ ಒಂದು ಚೊಂಬು ನೀರಿನಲ್ಲಿ ತೊಳೆಯಲಿ. ನಡುವೆ ಮತ್ತೆ ತೊಳೆಯಬೇಕು ಅನ್ನಿಸಿದರೆ ಅಮ್ಮನಿಗೆ ಹೇಳಿ, ಹತ್ತು ನಿಮಿಷ ಬೇರೆ ಕೆಲಸ ಮಾಡಲಿ. ‘ನನ್ನಿಂದಲಾ?’ ಅಂತ ಕೇಳಿದರೆ ಒಂದು ಸಲ ಸ್ಪಷ್ಟವಾಗಿ ಅಲ್ಲ ಅನ್ನಿ. ಮತ್ತೆ ಮತ್ತೆ ಕೇಳಿದರೆ ಪ್ರತಿ ಸಲವೂ ಸಮಾಧಾನ ಹೇಳುತ್ತಾ ಕೂರಬೇಡಿ. ‘ವೈದ್ಯರು ಏನು ಹೇಳಿದ್ರು, ನೀನೇ ಹೇಳು ನೋಡೋಣ’ ಅನ್ನಿ. ಪ್ರತಿ ಸಲ ಸಮಾಧಾನ ಸಿಕ್ಕರೆ ಅದನ್ನು ಕೇಳುವುದೇ ಇನ್ನೊಂದು ಗೀಳಾಗುತ್ತದೆ.

ಅಜ್ಜಿ ಒಂದು ಬೆಳಿಗ್ಗೆ ಪುಟ್ಟಿಯ ಕೈ ಹಿಡಿದು ಬನಕ್ಕೆ ಕರೆದುಕೊಂಡು ಹೋದರಂತೆ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ಬರಿಗಾಲಿನಲ್ಲಿ ನಿಂತು, ಪುಟ್ಟಿಗೆ ಕೇಳುವ ಹಾಗೆ ಹೇಳಿದರಂತೆ: “ಇವಳು ನನ್ನ ಮೊಮ್ಮಗಳು. ಗೊತ್ತಿಲ್ಲದೆ ಬಂದಳು. ಇವಳಿಂದ ಏನೂ ಆಗಲಿಲ್ಲ. ನಾನೇ ಸುಮ್ನೆ ಹೆದರಿಸಿದೆ.” ಆಮೇಲೆ ಇಬ್ಬರೂ ತರಗೆಲೆ ಗುಡಿಸಿದರಂತೆ. ತಾಯಿ ಫೋನಿನಲ್ಲಿ ಇದನ್ನು ಹೇಳುವಾಗ, ಮದುವೆಯಾಗಿ ಬಂದ ಮೇಲೆ ಅತ್ತೆ ‘ನನ್ನದೇ ತಪ್ಪು’ ಅಂದದ್ದನ್ನು ಮೊದಲ ಸಲ ಕೇಳಿದ್ದು ಎಂದರು.

ಶಾಲೆ ಶುರುವಾಗುವ ಹೊತ್ತಿಗೆ ಪುಟ್ಟಿ ಊಟ, ನಿದ್ದೆ ಮಾಡುತ್ತಿದ್ದಳು. ಪರೀಕ್ಷೆಯ ಹಿಂದಿನ ದಿನ ‘ತಪ್ಪಾಯ್ತು’ ಮತ್ತೆ ಬಂದಿದೆ, ಹಾಗಾಗಿ ಬೆಂಗಳೂರಿನಲ್ಲಿ ಮಕ್ಕಳ ಮನೋವೈದ್ಯರನ್ನು ಒಮ್ಮೆ ಕಾಣಲು ತಿಳಿಸಿದ್ದೇನೆ. ಹತ್ತಿರ ಯಾರೂ ಸಿಗದವರು ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ದೊಡ್ಡತ್ತೆಯ ಅಭಿಪ್ರಾಯ ಬದಲಾಗಿಲ್ಲ. ಮಕ್ಕಳ ಮುಂದೆ ಅದನ್ನು ಆಡಬಾರದು ಅಂತ ಅಜ್ಜಿಯೇ ಅವರಿಗೆ ಹೇಳಿದ್ದಾರೆ, ನನಗೆ ಅಷ್ಟು ಸಾಕು.

ಅಜ್ಜನ ಗುಳ್ಳೆ ಮಾಗಿದೆ, ಉರಿ ಇನ್ನೂ ಇದೆ. ವಯಸ್ಸಾದವರಲ್ಲಿ ಸರ್ಪಸುತ್ತಿನ ನೋವು ತಿಂಗಳುಗಟ್ಟಲೆ ಉಳಿಯುವುದುಂಟು. ಇದನ್ನು ಪುಟ್ಟಿಗೆ ಮೊದಲೇ ಹೇಳಿಡಿ ಅಂತ ತಾಯಿಗೆ ಸೂಚಿಸಿದ್ದೆ, ಇಲ್ಲದಿದ್ದರೆ ಅಜ್ಜ ಒಮ್ಮೆ ‘ಅಮ್ಮಾ’ ಅಂದಾಗಲೆಲ್ಲ ಅವಳು ಮತ್ತೆ ಲೆಕ್ಕ ಹಾಕಲು ಕೂರುತ್ತಾಳೆ. ಈಗ ವಾರಕ್ಕೊಮ್ಮೆ ಅವಳೇ ಅಜ್ಜನಿಗೆ ಫೋನ್ ಮಾಡಿ ನರದ ನೋವಿನ ಮಾತ್ರೆ ತಗೊಂಡ್ರಾ ಅಂತ ವಿಚಾರಿಸುತ್ತಾಳಂತೆ. ನಾಗರಪಂಚಮಿಗೆ ಊರಿಗೆ ಹೋಗಬೇಕಾ ಬೇಡವಾ ಅಂತ ಅವಳನ್ನೇ ಕೇಳಿ ಎಂದಿದ್ದೇನೆ.