ತೋಳಿನೊಳಗಿನ ಕಡ್ಡಿ: ಭಯ ಯಾವುದಕ್ಕೆ, ಎಚ್ಚರ ಎಲ್ಲಿ?

ಪ್ರಶ್ನೆ: ಮಗುವಿಗೆ ಎಂಟು ತಿಂಗಳು, ಎದೆಹಾಲು ಕುಡಿಯುತ್ತಿದೆ. ನನಗಿನ್ನೂ ಮುಟ್ಟು ಬಂದಿಲ್ಲ. ವಂಕಿ (ಗರ್ಭಕೋಶದೊಳಗೆ ಇಡುವ ಕಾಪರ್-ಟಿ) ಎಂದರೆ ಭಯ, ಮಾತ್ರೆ ನುಂಗಲು ಮರೆತುಹೋಗುತ್ತದೆ. ತೋಳಿಗೆ ಗರ್ಭ ತಡೆಯುವ ಕಡ್ಡಿ ಹಾಕಿಸಿಕೊಳ್ಳಿ ಎಂದು ಆಶಾ ಕಾರ್ಯಕರ್ತೆ ಹೇಳಿದರು. ಹಾಲು ಬತ್ತುತ್ತದೆಯೇ? ಕಡ್ಡಿ ಮೈಯೊಳಗೆ ಓಡಾಡುತ್ತದಂತೆ, ನಿಜವೇ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಹಾಲು ಬತ್ತುವುದಿಲ್ಲ. ಹಾಲು ಕಡಿಮೆ ಮಾಡಬಹುದಾದ ಈಸ್ಟ್ರೊಜೆನ್ ಹಾರ್ಮೋನ್ ಇದರಲ್ಲಿ ಇಲ್ಲ. ಇರುವುದು ಎಟೊನೊಜೆಸ್ಟ್ರೆಲ್ ಎಂಬ ಬೇರೆ ಹಾರ್ಮೋನ್ 68 ಮಿಲಿಗ್ರಾಂ ಮಾತ್ರ. ಅದು 3 ವರ್ಷ ಚೂರುಚೂರೇ ರಕ್ತಕ್ಕೆ ಸೇರುತ್ತಾ ಅಂಡ ಬಿಡುಗಡೆಯಾಗದಂತೆ ತಡೆಯುತ್ತದೆ. ಕಡ್ಡಿ 4 ಸೆಂ.ಮೀ. ಉದ್ದ, 2 ಮಿ.ಮೀ. ದಪ್ಪ, ಹೆಚ್ಚುಕಡಿಮೆ ಬೆಂಕಿಕಡ್ಡಿಯಷ್ಟು.

ನೀವು ಬಲಗೈಯವರಾದರೆ ಎಡತೋಳಿನ ಒಳಬದಿಗೆ, ಮೊಣಕೈ ಗಂಟಿನಿಂದ 8–10 ಸೆಂ.ಮೀ. ಮೇಲೆ ಹಾಕುತ್ತಾರೆ. ಮೊದಲು ಮರಗಟ್ಟಿಸುವ ಇಂಜೆಕ್ಷನ್; ಅದು ಚುರುಕ್ ಎನ್ನುತ್ತದೆ, ಆಮೇಲೆ ಒತ್ತಿದಂತಷ್ಟೇ. ಹೊಲಿಗೆ ಬೇಡ. ಬಿಗಿ ಪಟ್ಟಿ 24 ಗಂಟೆ ಇರಲಿ. ನಾಲ್ಕಾರು ದಿನ ಕಂದುಗಟ್ಟಬಹುದು.

ಓಡಾಡುವ ಮಾತು: ಚರ್ಮದ ಕೆಳಗೇ ಸರಿಯಾಗಿ ಕೂತರೆ ಕಡ್ಡಿ ಅಲ್ಲೇ ಇರುತ್ತದೆ. ಸೂಜಿ ಆಳಕ್ಕೆ ಇಳಿದು ಸ್ನಾಯುವಿಗೋ ರಕ್ತನಾಳಕ್ಕೋ ಹೋದಾಗಲೇ ತೊಂದರೆ. ತೀರಾ ಅಪರೂಪಕ್ಕೆ ಕಡ್ಡಿ ಶ್ವಾಸಕೋಶದ ರಕ್ತನಾಳದವರೆಗೂ ಹೋದದ್ದುಂಟು. ಅದಕ್ಕೇ ಮೇಜಿನಿಂದ ಏಳುವ ಮೊದಲು ಕಡ್ಡಿಯ ಎರಡೂ ತುದಿ ಡಾಕ್ಟರ ಬೆರಳಿಗೂ ನಿಮ್ಮ ಬೆರಳಿಗೂ ಸಿಗಲೇಬೇಕು. ಸಿಗದಿದ್ದರೆ ಸ್ಕ್ಯಾನ್ ಅಥವಾ ಎಕ್ಸ್‌ರೇ ಮಾಡಿಸಿ ಎಲ್ಲಿದೆ ಎಂದು ಗೊತ್ತಾಗುವವರೆಗೆ ಕಾಂಡೋಮ್ ಬಿಡಬೇಡಿ. ಸಂಕೋಚ ಬೇಡ, ಕೇಳಿ ಮುಟ್ಟಿ ನೋಡಿ.

ಮುಟ್ಟಾದ ಮೊದಲ 5 ದಿನಗಳಲ್ಲಿ ಹಾಕಿಸಿದರೆ ಅಂದೇ ರಕ್ಷಣೆ. ನಿಮಗೆ ಮುಟ್ಟೇ ಬಂದಿಲ್ಲವಾದ್ದರಿಂದ ಗರ್ಭವಿಲ್ಲವೆಂದು ಖಚಿತಪಡಿಸಿಕೊಂಡು ಹಾಕಿಸಿ, 7 ದಿನ ಕಾಂಡೋಮ್ ಬಳಸಿ.

ಪ್ರಶ್ನೆ: ಕಡ್ಡಿ ಹಾಕಿಸಿ ಎರಡು ತಿಂಗಳು. ಆಗಾಗ ರಕ್ತದ ಕಲೆ ಕಾಣುತ್ತದೆ, ಮುಟ್ಟು ಸರಿಯಾಗಿ ಆಗುತ್ತಿಲ್ಲ. ಕೆಟ್ಟ ರಕ್ತ ಒಳಗೇ ನಿಲ್ಲುತ್ತದೆ, ತೆಗೆಸು ಎನ್ನುತ್ತಾರೆ ಅತ್ತೆ.
– ಓದುಗರು, ಕಲಬುರಗಿ

ಉತ್ತರ: ಏನೂ ನಿಲ್ಲುವುದಿಲ್ಲ. ಗರ್ಭಕೋಶದ ಒಳಪದರವೇ ತೆಳ್ಳಗಾಗುವುದರಿಂದ ಹೊರಬರಲು ರಕ್ತ ಕಟ್ಟಿಯೇ ಇರುವುದಿಲ್ಲ. ಸುಮಾರು ಐವರಲ್ಲಿ ಒಬ್ಬರಿಗೆ ಮುಟ್ಟು ಪೂರಾ ನಿಲ್ಲುತ್ತದೆ, ಹಲವರಿಗೆ ಹೀಗೆ ಹೊತ್ತುಗೊತ್ತಿಲ್ಲದೆ ಕಲೆಯಾಗುತ್ತದೆ. ಅತ್ತೆಯವರಿಗೂ ಇದನ್ನು ಓದಿ ಹೇಳಿ. ಪ್ಯಾಡ್ ಗಂಟೆಗೊಂದು ತೊಯ್ದರೆ, ಹೊಟ್ಟೆನೋವು ಜೋರಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ.

ಕ್ಷಯಕ್ಕೆ ರಿಫಾಂಪಿಸಿನ್, ಫಿಟ್ಸ್‌ಗೆ ಫೆನಿಟಾಯಿನ್ ಅಥವಾ ಕಾರ್ಬಮಜೆಪೀನ್ ನುಂಗುತ್ತಿದ್ದೀರಾ? ಇವು ಕಡ್ಡಿಯ ಬಲ ಕುಗ್ಗಿಸುತ್ತವೆ. ಹಾಗಿದ್ದರೆ ವಂಕಿಯೇ ಮೇಲು.

ಸಹಿಸಲಾಗದಿದ್ದರೆ ಯಾವಾಗ ಬೇಕಾದರೂ ತೆಗೆಸಬಹುದು: ಮರಗಟ್ಟಿಸಿ 2–3 ಮಿ.ಮೀ. ಗೀರಿ, ಕಡ್ಡಿಯನ್ನು ಹೊರಕ್ಕೆ ಒತ್ತುತ್ತಾರೆ. ಮಗು ಬೇಡವೆಂದಿದ್ದರೆ ಅಂದಿನಿಂದಲೇ ಬೇರೆ ಉಪಾಯ ಶುರುವಾಗಬೇಕು, ಕೆಲವೇ ವಾರಗಳಲ್ಲಿ ಗರ್ಭ ನಿಲ್ಲಬಹುದು.