ಓದುಗರ ಪ್ರಶ್ನೆ: ಶರತ್ಕಾಲದ ಟ್ರೌಟ್ ಎಷ್ಟು ಆಳದಲ್ಲಿರುತ್ತದೆ?

ಈ ಸಲ ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಂದ ಟ್ರೌಟ್ ಮೀನಿನ ಬಗ್ಗೆಯೇ ಜಾಸ್ತಿ ಪತ್ರಗಳು ಬಂದಿವೆ. ಸೆಪ್ಟೆಂಬರ್ ಬಂತು ಅಂದರೆ ಹೀಗೇ. ಬೇಸಿಗೆಯಲ್ಲಿ ಸಿಕ್ಕ ಮೀನು ಈಗ ಎಲ್ಲಿ ಹೋಯಿತು ಅನ್ನುವುದೇ ಎಲ್ಲರ ಚಿಂತೆ.

ಹೊಸಬರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಟ್ರೌಟ್ ಹಿಡಿಯುವ ಫ್ಲೈ ಫಿಶಿಂಗ್ ಅಂದರೆ ಎರೆಹುಳು ಚುಚ್ಚಿ ಬೆಂಡು ನೋಡುತ್ತಾ ಕೂರುವ ಗಾಳ ಅಲ್ಲ. ಕೊಕ್ಕೆಗೆ ಗರಿ, ತುಪ್ಪಳ, ನೂಲು ಸುತ್ತಿ ಹುಳುವಿನ ಹಾಗೋ ಮರಿಮೀನಿನ ಹಾಗೋ ಕಾಣುವ ಫ್ಲೈ ಕಟ್ಟುತ್ತಾರೆ. ಅದಕ್ಕೆ ತೂಕವೇ ಇರುವುದಿಲ್ಲ. ಹಾಗಾಗಿ ನಾವು ಎಸೆಯುವುದು ದಪ್ಪನೆಯ ಲೈನನ್ನು, ಫ್ಲೈ ಅದರ ಬೆನ್ನಿಗೆ ಹೋಗುತ್ತದೆ. ಎರಡರ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ದಾರ ಇರುತ್ತದೆ, ನಮ್ಮ ಕರಾವಳಿಯಲ್ಲಿ ತಂಗೂಸು ಅನ್ನುತ್ತಾರಲ್ಲ, ಆ ಥರದ್ದು.

ಪ್ರಶ್ನೆ: ಜೂನ್‌ನಲ್ಲಿ ರಟ್ಲೆಂಡ್ ವಾಟರ್ ಜಲಾಶಯದ ದಡದಿಂದ ಐದಾರು ಟ್ರೌಟ್ ಹಿಡಿದೆ. ಆಗಸ್ಟ್‌ನಿಂದ ಒಂದೂ ಇಲ್ಲ. ಮೀನೆಲ್ಲ ಆಳಕ್ಕೆ ಹೋಗಿದೆ ಅಂತ ಎಲ್ಲರೂ ಹೇಳುತ್ತಾರೆ. ನೂರಡಿ ನೀರಿನಲ್ಲಿ ಫ್ಲೈ ಇಳಿಸುವುದು ಹೇಗೆ? (ಲೆಸ್ಟರ್‌ನಿಂದ)

ಉತ್ತರ: ನೂರಡಿಗೆ ಇಳಿಸಲೇ ಬೇಡಿ. ಅಲ್ಲಿ ನಿಮ್ಮ ಮೀನಿಲ್ಲ.

ರಟ್ಲೆಂಡ್ ವಾಟರ್ ಅಣೆಕಟ್ಟಿನ ಹತ್ತಿರ ಸುಮಾರು 34 ಮೀಟರ್ ಆಳ ಇದೆ, ನಿಜ. 1970ರ ದಶಕದಲ್ಲಿ ಎಂಪಿಂಗ್‌ಹ್ಯಾಮ್ ಬಳಿ ಕಟ್ಟೆ ಹಾಕಿ, ವೆಲಂಡ್ ಮತ್ತು ನೆನ್ ನದಿಗಳ ನೀರನ್ನು ಪಂಪ್ ಮಾಡಿ ತುಂಬಿಸಿದ ಜಲಾಶಯ ಅದು. ನೆದರ್ ಹ್ಯಾಂಬಲ್ಟನ್ ಅನ್ನುವ ಪುಟ್ಟ ಹಳ್ಳಿ ಆಗ ನೀರಿನ ಕೆಳಗೆ ಹೋಯಿತು. ಆದರೆ ಇಡೀ ಜಲಾಶಯ ಅಷ್ಟೇ ಆಳ ಇಲ್ಲ. ಪಶ್ಚಿಮಕ್ಕೆ ನಾರ್ತ್ ಆರ್ಮ್, ಸೌತ್ ಆರ್ಮ್ ಅಂತ ಎರಡು ತೋಳುಗಳು ಚಾಚಿವೆ, ಅವುಗಳ ತುದಿಗೆ ಹೋದ ಹಾಗೆ ನೀರಿನ ಆಳ ಕಡಿಮೆಯಾಗುತ್ತಾ ಬರುತ್ತದೆ. ಇದನ್ನು ನೆನಪಿಡಿ, ಆಮೇಲೆ ಬೇಕಾಗುತ್ತದೆ.

ಊರ ಕೆರೆಯಲ್ಲಿ ಬೇಸಿಗೆಯಲ್ಲಿ ಈಜಿದ್ದೀರಾ? ಎದೆಯ ಮಟ್ಟದಲ್ಲಿ ನೀರು ಬೆಚ್ಚಗಿರುತ್ತದೆ, ಕಾಲು ಕೆಳಗೆ ಬಿಟ್ಟರೆ ಥಟ್ಟನೆ ತಣ್ಣಗಾಗುತ್ತದೆ. ಆಳದ ಜಲಾಶಯದಲ್ಲೂ ಅದೇ ಕಥೆ. ಬಿಸಿ ನೀರು ಹಗುರ, ಮೇಲೆ ತೇಲುತ್ತದೆ. ತಣ್ಣೀರು ಭಾರ, ಕೆಳಗೆ ಕೂರುತ್ತದೆ. ಇವೆರಡೂ ವಾರಗಟ್ಟಲೆ ಬೆರೆಯದೆ ಹಾಗೇ ಇದ್ದರೆ ತಳದ ನೀರಿಗೆ ಹೊಸ ಗಾಳಿ ಸಿಗುವುದಿಲ್ಲ, ಅಲ್ಲಿ ಕೊಳೆಯುವ ಗಿಡ, ಕೆಸರು ಇದ್ದ ಆಮ್ಲಜನಕವನ್ನೂ ತಿಂದುಬಿಡುತ್ತವೆ. ಟ್ರೌಟ್‌ಗೆ ಹಿತವಾಗುವುದು ಸುಮಾರು 10ರಿಂದ 16 ಡಿಗ್ರಿ. 20 ದಾಟಿದರೆ ಅದಕ್ಕೆ ಕಷ್ಟ. ಮೇಲೆ ಬಿಸಿ, ಕೆಳಗೆ ಉಸಿರು ಕಟ್ಟುತ್ತದೆ. ಹಾಗಾದರೆ ಅದು ನಿಲ್ಲುವುದು ಎಲ್ಲಿ? ನಡುವೆ. ಹದಿನೈದು ಅಡಿಯಲ್ಲೋ ಇಪ್ಪತ್ತೈದು ಅಡಿಯಲ್ಲೋ, ನಡುನೀರಿನಲ್ಲಿ. ಆಗಸ್ಟ್‌ನಲ್ಲಿ ದಡದಿಂದ ನಿಮಗೆ ಮೀನು ಸಿಗದಿದ್ದುದು ಇದಕ್ಕೇ ಇರಬೇಕು. ನಿಮ್ಮ ಎಸೆತದಲ್ಲಿ ತಪ್ಪಿರಲಿಕ್ಕಿಲ್ಲ.

ಕೆಲವು ಕುಡಿಯುವ ನೀರಿನ ಜಲಾಶಯಗಳಲ್ಲಿ ತಳದಿಂದ ಗಾಳಿ ಬಿಟ್ಟು ನೀರನ್ನು ಕಲಕುತ್ತಾರೆ. ಅಂಥ ಕಡೆ ಪದರ ಇಷ್ಟು ಗಟ್ಟಿಯಾಗಿ ಕಟ್ಟುವುದಿಲ್ಲ. ನೀರು ಕುದಿಯುವ ಹಾಗೆ ಗುಳ್ಳೆ ಏಳುವ ಆ ಜಾಗಕ್ಕೆ ಇಲ್ಲಿನವರು ‘ಬಾಯ್ಲ್ಸ್’ ಅನ್ನುತ್ತಾರೆ. ಅದರ ಸುತ್ತ ಮೀನು ಸೇರುತ್ತದೆ, ದೋಣಿಯಲ್ಲಿ ಹೋದಾಗ ಬಿಡಬೇಡಿ.

ಈಗ ನಿಮಗೆ ಖುಷಿಯ ಸುದ್ದಿ. ಸೆಪ್ಟೆಂಬರ್ ಕೊನೆಗೆ ರಾತ್ರಿ ಚಳಿ ಶುರುವಾಗುತ್ತದೆ. ಮೇಲಿನ ನೀರು ತಣ್ಣಗಾಗಿ ಭಾರವಾಗಿ ಇಳಿಯುತ್ತದೆ, ಜೋರು ಗಾಳಿ ಎರಡು ದಿನ ಬೀಸಿದರೆ ಪದರವೇ ಮುರಿದು ಮೇಲಿಂದ ಕೆಳಗಿನವರೆಗೆ ನೀರೆಲ್ಲ ಒಂದೇ ಹದಕ್ಕೆ ಬರುತ್ತದೆ. ಆಗ ಟ್ರೌಟ್‌ಗೆ ಎಲ್ಲಿ ಬೇಕಾದರೂ ಇರಬಹುದು ಅನ್ನುವ ಸ್ವಾತಂತ್ರ್ಯ. ಅದು ಹೋಗುವುದು ಊಟ ಇರುವ ಕಡೆಗೆ, ಅಂದರೆ ದಡದ ಕಡೆಗೆ. ಕಳೆಗಿಡದ ಅಂಚು, ದೋಣಿ ಕಟ್ಟುವ ಕಟ್ಟೆ, ಅಣೆಕಟ್ಟಿನ ಕಲ್ಲು, ಆ ತೋಳುಗಳ ಆಳವಿಲ್ಲದ ನೀರು. ನಾನು ಅಕ್ಟೋಬರ್‌ನಲ್ಲಿ ಹಿಡಿದ ಒಳ್ಳೊಳ್ಳೆಯ ಮೀನುಗಳೆಲ್ಲ ಎಂಟು ಅಡಿಗಿಂತ ಕಡಿಮೆ ನೀರಿನಲ್ಲಿ ಸಿಕ್ಕಿದ್ದು. ಹಾಗಾಗಿ ಬೆಳಿಗ್ಗೆ ಹೋದ ತಕ್ಷಣ ಸೊಂಟದವರೆಗೆ ನೀರಿಗಿಳಿಯಬೇಡಿ. ದಡದ ಮೇಲೆಯೇ ಸುಮ್ನೆ ನಿಂತು ಮೊದಲ ನಾಲ್ಕು ಎಸೆತ ಕಾಲ ಬುಡದಲ್ಲೇ ಹಾಕಿ. ನೀವು ನಿಲ್ಲಬೇಕು ಅಂದುಕೊಂಡ ಜಾಗದಲ್ಲೇ ಮೀನಿರುತ್ತದೆ.

ಪ್ರಶ್ನೆ: ಅಂಗಡಿಯಲ್ಲಿ ಡಿಐ3, ಡಿಐ5, ಡಿಐ7 ಅಂತ ಲೈನುಗಳನ್ನು ತೋರಿಸಿದರು. ಒಂದೊಂದಕ್ಕೂ ಬೆಲೆ ಜಾಸ್ತಿ. ಮಗನಿಗೆ 12 ವರ್ಷ, ಅವನನ್ನೂ ಕರೆದುಕೊಂಡು ದೋಣಿಯಲ್ಲಿ ಹೋಗಬೇಕು ಅಂತ ಆಸೆ. ಯಾವುದು ತಗೊಳ್ಳಲಿ? (ನಾಟಿಂಗ್‌ಹ್ಯಾಮ್‌ನಿಂದ ಒಬ್ಬ ತಾಯಿ)

ಉತ್ತರ: ಆ ಅಂಕಿಯಲ್ಲೇ ಗುಟ್ಟಿದೆ ಮೇಡಂ. ಲೈನು ಒಂದು ಸೆಕೆಂಡಿಗೆ ಸುಮಾರು ಎಷ್ಟು ಇಂಚು ಮುಳುಗುತ್ತದೆ ಅನ್ನುವುದೇ ಅದು. ಡಿಐ5 ಅಂದರೆ ಸೆಕೆಂಡಿಗೆ 5 ಇಂಚು. ಹತ್ತಡಿ ಅಂದರೆ 120 ಇಂಚು, ಅಲ್ಲಿಗೆ ಹೋಗಲು 24 ಸೆಕೆಂಡು ಬೇಕು. ಡಿಐ7ರಲ್ಲಿ ಇಪ್ಪತ್ತಡಿಗೆ ಸುಮಾರು 34 ಸೆಕೆಂಡು. ಗಾಳಿ, ದೋಣಿಯ ಓಟ ಇವುಗಳಿಂದ ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ, ಪರವಾಗಿಲ್ಲ.

ಈ ಲೆಕ್ಕ ಕೈಗೆ ಬಂದರೆ ಅರ್ಧ ಕೆಲಸ ಮುಗಿದ ಹಾಗೆ. ಮಗನಿಗೆ ಹೇಳಿಕೊಡಿ, ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ. ಲೈನು ನೀರಿಗೆ ಬಿದ್ದ ಕ್ಷಣದಿಂದ ಎಣಿಸಬೇಕು. ಮೊದಲ ಎಸೆತಕ್ಕೆ ಹತ್ತು ಎಣಿಸಿ ಎಳೆಯಿರಿ. ಏನೂ ಇಲ್ಲವಾ? ಮುಂದಿನದಕ್ಕೆ ಇಪ್ಪತ್ತು. ಆಮೇಲೆ ಮೂವತ್ತು. ಇಪ್ಪತ್ತಕ್ಕೆ ಒಂದು ಸಣ್ಣ ತಟ್ಟು ಬಂತು ಅನ್ನಿ, ಆ ಅಂಕಿಯನ್ನು ಬಿಡಲೇಬೇಡಿ. ಅದೇ ಮಟ್ಟದಲ್ಲಿ ಇನ್ನೂ ಮೀನಿರುತ್ತದೆ. ಬಿಸಿಲು ಏರಿದರೆ ಅಂಕಿ ಹೆಚ್ಚಿಸಿ, ಮೋಡ ಕವಿದರೆ ತಗ್ಗಿಸಿ. ಯಾಕೆ ಅಂದರೆ ಡ್ಯಾಫ್ನಿಯಾ ಅನ್ನುವ ಸಾಸಿವೆಯಷ್ಟು ಚಿಕ್ಕ ನೀರುಜೀವಿ ಬೆಳಕಿಗೆ ಕೆಳಗಿಳಿಯುತ್ತದೆ, ಮಬ್ಬಿಗೆ ಮೇಲೇರುತ್ತದೆ. ರೇನ್‌ಬೋ ಟ್ರೌಟ್ ಅದರ ಹಿಂದೆಯೇ ಓಡಾಡುತ್ತದೆ.

ಇನ್ನೊಂದು ವಿಷಯ. ಎಳೆದು ಮುಗಿಯುತ್ತಾ ಬಂದಾಗ ಥಟ್ಟನೆ ಎತ್ತಬೇಡಿ. ರಾಡನ್ನು, ಅಂದರೆ ಗಾಳದ ಕೋಲನ್ನು, ನಿಧಾನವಾಗಿ ಮೇಲೆತ್ತಿ, ಫ್ಲೈ ಕಾಣುವ ಮುಂಚೆ ನಿಲ್ಲಿಸಿ, ಹತ್ತು ಎಣಿಸಿ. ಇದಕ್ಕೆ ‘ಹ್ಯಾಂಗ್’ ಅನ್ನುತ್ತಾರೆ. ಕೆಳಗಿಂದ ಹಿಂಬಾಲಿಸಿಕೊಂಡು ಬಂದ ಮೀನು ಇಲ್ಲೇ ತೀರ್ಮಾನ ಮಾಡುವುದು. ಲೈನು ಸ್ವಲ್ಪ ಓರೆಯಾಗುತ್ತದೆ, ಅಷ್ಟೇ. ಎಳೆತ ಬರುವವರೆಗೆ ಕಾಯಬೇಡಿ, ಓರೆಯಾದ ತಕ್ಷಣ ಎತ್ತಿ.

ಒಂದೇ ಮುಳುಗುವ ಲೈನು ಕೊಳ್ಳುವುದಾದರೆ ಡಿಐ5 ತಗೊಳ್ಳಿ. ತೇಲುವ ಲೈನು ಒಂದು ಹೇಗೂ ಇರಲಿ. ಇವೆರಡರಲ್ಲಿ ಶರತ್ಕಾಲ ಕಳೆಯಬಹುದು. 13 ವರ್ಷ ಆಗುವವರೆಗೆ ಮಗನಿಗೆ ರಾಡ್ ಲೈಸೆನ್ಸ್ (ಮೀನು ಹಿಡಿಯುವ ಸರ್ಕಾರಿ ಪರವಾನಗಿ) ಬೇಡ, 13ರಿಂದ 16ರವರೆಗೆ ಉಚಿತವಾಗಿಯೇ ಕೊಡುತ್ತಾರೆ, ಆದರೆ ತೆಗೆದುಕೊಂಡಿರಬೇಕು. ಜಲಾಶಯದ ದಿನದ ಪರ್ಮಿಟ್ ಬೇರೆ. ದೋಣಿಯಲ್ಲಿ ಲೈಫ್ ಜಾಕೆಟ್ ಇಬ್ಬರಿಗೂ. ಟೋಪಿ, ಕನ್ನಡಕ ಕೂಡ. ಬಲಗೈಯವರಿಗೆ ಬಲಗಡೆಯಿಂದ ಗಾಳಿ ಬಂದರೆ ಕೊಕ್ಕೆ ಸೀದಾ ಮುಖದ ಕಡೆಗೇ ಬರುತ್ತದೆ. ನನ್ನ ಕಿವಿಯ ಹಿಂದೆ ಒಂದು ಸಲ ಹೀಗೆ ಹೊಕ್ಕಿದೆ. ಎರಡು ಇಂಚು ಮುಂದಿದ್ದರೆ ಕಣ್ಣೇ ಹೋಗುತ್ತಿತ್ತು.

ಪ್ರಶ್ನೆ: ಚ್ಯೂ ವ್ಯಾಲಿ ಜಲಾಶಯಕ್ಕೆ ಹೋಗುತ್ತೇನೆ. ಡಬ್ಬಿಯಲ್ಲಿ ಎಂಬತ್ತು ಫ್ಲೈ ಇವೆ. ಈ ಕಾಲಕ್ಕೆ ಯಾವುದು ಕಟ್ಟಬೇಕು ಅಂತಲೇ ತಿಳಿಯುವುದಿಲ್ಲ. (ಬ್ರಿಸ್ಟಲ್‌ನಿಂದ)

ಉತ್ತರ: ನೀವು ಡಬ್ಬಿ ನೋಡುವ ಮೊದಲು ನೀರು ನೋಡಿ. ಶರತ್ಕಾಲದಲ್ಲಿ ಮುಖ್ಯವಾಗಿ ಎರಡು ಊಟ.

ಒಂದು, ಡ್ಯಾಡಿ ಲಾಂಗ್‌ಲೆಗ್ಸ್. ಸೊಳ್ಳೆಯನ್ನು ಹತ್ತು ಪಟ್ಟು ದೊಡ್ಡದು ಮಾಡಿದ ಹಾಗಿರುವ ಹುಳು, ಕಾಲುಗಳು ಜೋತಾಡುತ್ತಿರುತ್ತವೆ. ಹುಲ್ಲುಗಾವಲಿನಿಂದ ಗಾಳಿಗೆ ಹಾರಿ ನೀರಿಗೆ ಬೀಳುತ್ತದೆ, ಏಳಲಾಗುವುದಿಲ್ಲ. ಗಾಳಿ ನಿಮ್ಮ ಬೆನ್ನಿಗಿರುವ ದಡ ಹುಡುಕಿ. ತೇಲುವ ಲೈನು, ಒಂದೇ ಡ್ಯಾಡಿ, ಎಳೆಯಲೇ ಬೇಡಿ. ಮೀನು ಮೇಲೇರಿ ಬಂದು ನುಂಗುತ್ತದೆ. ಆ ಕ್ಷಣ ಕೈ ತಡೆದುಕೊಳ್ಳಬೇಕು. ಅದು ತಿರುಗಿ ಇಳಿಯಲಿ, ಆಮೇಲೆ ಎತ್ತಿ.

ಎರಡು, ಮರಿಮೀನು. ರೋಚ್, ಪರ್ಚ್ ಮೀನುಗಳ ಆ ವರ್ಷದ ಮರಿಗಳು ಈ ಹೊತ್ತಿಗೆ ಕಿರುಬೆರಳಿನಷ್ಟಾಗಿರುತ್ತವೆ. ಬೇಸಿಗೆಯೆಲ್ಲ ಕಳೆಗಿಡದ ಒಳಗೆ ಬಚ್ಚಿಟ್ಟುಕೊಂಡಿದ್ದವು. ಈಗ ಗಿಡ ಸಾಯುತ್ತದೆ, ಮರೆ ಹೋಗುತ್ತದೆ. ಟ್ರೌಟ್‌ಗೆ ಇದು ಗೊತ್ತು. ಒಂದು ಸಂಜೆ ದಡದಲ್ಲಿ ಕೂತಿದ್ದೆ, ಗಾಳಿಯೇ ಇರಲಿಲ್ಲ. ಇದ್ದಕ್ಕಿದ್ದಂತೆ ಮಳೆ ಹನಿ ಕೆಳಗಿಂದ ಮೇಲಕ್ಕೆ ಹಾರಿದ ಹಾಗೆ ನೂರಾರು ಬೆಳ್ಳಿ ಚೂರುಗಳು ನೀರಿನಿಂದ ಚಿಮ್ಮಿದವು, ಅವುಗಳ ಹಿಂದೆಯೇ ಒಂದು ದೊಡ್ಡ ಬೆನ್ನು ನೀರು ಸೀಳಿಕೊಂಡು ಹೋಯಿತು. ಆಮೇಲೆ ಎಲ್ಲ ಶಾಂತ. ನಾನು ಅವಸರದಲ್ಲಿ ಎಸೆದು ಎಳೆದೆ, ಏನೂ ಸಿಗಲಿಲ್ಲ. ಒಂದು ನಿಮಿಷದ ನಂತರ ಅದೇ ಬೆನ್ನು ಮೆಲ್ಲಗೆ ವಾಪಸ್ ಬಂತು. ಏಟು ತಿಂದು ಅಡ್ಡಬಿದ್ದು ತೇಲುತ್ತಿದ್ದ ಮರಿಗಳನ್ನು ಒಂದೊಂದಾಗಿ ಹೆಕ್ಕಿ ತಿಂದಿತು. ಟ್ರೌಟ್ ಗುಂಪಿನೊಳಗೆ ನುಗ್ಗಿ ಹೊಡೆಯುತ್ತದೆ, ಆಮೇಲೆ ಬಂದು ಆರಿಸಿಕೊಳ್ಳುತ್ತದೆ. ಅದಕ್ಕೇ ಫೋಮಿನಲ್ಲಿ ಕಟ್ಟಿದ ತೇಲುವ ಬಿಳಿ ಮರಿಮೀನನ್ನು ಅಲ್ಲಿ ಇಟ್ಟು ಅಲುಗಾಡಿಸದೆ ಬಿಡಬೇಕು. ಐದು ನಿಮಿಷ ಆದರೂ ಸರಿ. ಇದು ಕಷ್ಟದ ಕೆಲಸ, ಕೈ ಸುಮ್ನಿರುವುದಿಲ್ಲ.

ಈ ಮೀನುಗಳಿಗೆ ಸಣ್ಣ ದಾರ ಬೇಡ. ಹತ್ತು ಪೌಂಡ್ ಭಾರ ತಡೆಯುವುದು ಹಾಕಿ. ಇನ್ನು ಏನೂ ಕಾಣದ ಖಾಲಿ ದಿನಗಳಿಗೆ ಡಯಾಲ್ ಬಾಖ್ ಸಾಕು. ವೆಲ್ಶ್ ಭಾಷೆಯಲ್ಲಿ ‘ಪುಟ್ಟ ಸೈತಾನ’ ಅಂತ ಅರ್ಥ. ನೋಡಲು ಏನೇನೂ ಇಲ್ಲ, ನವಿಲುಗರಿಯ ಎಳೆ ಸುತ್ತಿದ ಸಣ್ಣ ಕಪ್ಪು ಹುಳು. ಆದರೆ ನನ್ನ ಡಬ್ಬಿಯಲ್ಲಿ ಒಂದೇ ಫ್ಲೈ ಉಳಿಸಿಕೋ ಅಂದರೆ ಅದನ್ನೇ ಉಳಿಸಿಕೊಳ್ಳುತ್ತೇನೆ.

ಪ್ರಶ್ನೆ: ‘ಬೂಬಿ’ ಅನ್ನುವ ಫ್ಲೈ ಹಾಕಿದರೆ ಖಂಡಿತ ಮೀನು ಸಿಗುತ್ತದಂತೆ. ಕೆಲವು ಕಡೆ ಅದನ್ನು ಬೇಡ ಅನ್ನುತ್ತಾರೆ. ಯಾಕೆ? (ಬರ್ಮಿಂಗ್‌ಹ್ಯಾಮ್‌ನಿಂದ)

ಉತ್ತರ: ಬೂಬಿಗೆ ಫೋಮಿನ ಎರಡು ದಪ್ಪ ಕಣ್ಣು. ಲೈನು ತಳಕ್ಕೆ ಮುಳುಗುತ್ತದೆ, ಫ್ಲೈ ಮಾತ್ರ ಬಲೂನಿನ ಹಾಗೆ ತಳದಿಂದ ಮೇಲೆ ನಿಲ್ಲುತ್ತದೆ. ಆಳದ ನೀರಿಗೆ ಇದಕ್ಕಿಂತ ಒಳ್ಳೆಯದು ಕಡಿಮೆ. ತೊಂದರೆ ಏನೆಂದರೆ, ಎಳೆಯದೆ ಬಿಟ್ಟರೆ ಮೀನು ಗಂಟಲಿನವರೆಗೆ ನುಂಗಿಬಿಡುತ್ತದೆ. ಆಮೇಲೆ ಬಿಟ್ಟರೂ ಬದುಕುವುದು ಕಷ್ಟ. ಹಾಗಾಗಿ ಬಿಡುವ ಮನಸ್ಸಿದ್ದರೆ ಬೂಬಿಯನ್ನು ಎಳೆಯುತ್ತಲೇ ಇರಿ, ಮುಳ್ಳಿಲ್ಲದ ಕೊಕ್ಕೆ ಬಳಸಿ. ಕಂದು ಟ್ರೌಟ್ ಈ ಕಾಲದಲ್ಲಿ ಮೊಟ್ಟೆಗೆ ಸಿದ್ಧವಾಗುತ್ತಿರುತ್ತದೆ. ಹೊಟ್ಟೆ ಬೆಣ್ಣೆ ಬಣ್ಣ, ಮೈ ಮೇಲೆ ಕೆಂಪು ಚುಕ್ಕೆ, ಕಣ್ಣು ತುಂಬ ನೋಡಿ. ಕೈ ಒದ್ದೆ ಮಾಡಿಕೊಂಡು, ನೀರಿನಲ್ಲೇ ಕೊಕ್ಕೆ ಬಿಡಿಸಿ ಕಳಿಸಿ. ಅದನ್ನು ಯಾವತ್ತಿನವರೆಗೆ ಹಿಡಿಯಬಹುದು ಅನ್ನುವ ನಿಯಮವನ್ನು ಆಯಾ ಜಲಾಶಯದ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಊಟಕ್ಕೆ ರೇನ್‌ಬೋ ತನ್ನಿ. ಅದು ಸಾಕಿ ಬಿಟ್ಟ ಮೀನು. ಬಂಗುಡೆಗೆ ಹಚ್ಚುವಷ್ಟು ಮಸಾಲೆ ಮಾತ್ರ ಬೇಡ. ಉಪ್ಪು, ಅರಿಶಿನ, ಕಾಳುಮೆಣಸು, ಸ್ವಲ್ಪ ನಿಂಬೆ ಸಾಕು.

ಪ್ರಶ್ನೆ: ನಿವೃತ್ತಿಯಾಗಿದ್ದೇನೆ. ಅಕ್ಟೋಬರ್‌ನಲ್ಲಿ ಪೀಟರ್‌ಬರೋದಲ್ಲಿರುವ ಮಗಳ ಮನೆಗೆ ಮೂರು ವಾರ ಹೋಗುತ್ತಿದ್ದೇನೆ. ನಾನೂ ಪ್ರಯತ್ನಿಸಬಹುದಾ? ಮತ್ತೆ, ನಮ್ಮ ಕಡೆ ಟ್ರೌಟ್ ಯಾಕಿಲ್ಲ? (ಮೈಸೂರಿನಿಂದ)

ಉತ್ತರ: ಖಂಡಿತ ಪ್ರಯತ್ನಿಸಿ ಸರ್. ವರ್ಷದ ಲೈಸೆನ್ಸ್ ಬೇಕಿಲ್ಲ, ಒಂದು ದಿನದ್ದು, ಎಂಟು ದಿನದ್ದು ಕೂಡ ಸಿಗುತ್ತದೆ. ರಾಡ್ ಹೊತ್ತುಕೊಂಡು ಹೋಗಬೇಡಿ, ಬಾಡಿಗೆಗೆ ಕೇಳಿ. ಮೊದಲ ದಿನ ಕಲಿಸುವವರ ಜೊತೆ ಅರ್ಧ ದಿನ ಕಳೆಯಿರಿ.

ನಮ್ಮ ಕಡೆ ಇಲ್ಲದಿರುವುದಕ್ಕೆ ಕಾರಣ ಮೇಲೆ ಹೇಳಿದ್ದೇ, ನೀರಿನ ಬಿಸಿ. ಕೆಆರ್‌ಎಸ್ ಎಷ್ಟೇ ದೊಡ್ಡದಿದ್ದರೂ ಅದರ ನೀರು ಟ್ರೌಟ್‌ಗೆ ಬಿಸಿಯೇ. ಆದರೆ ನಿಮ್ಮ ಪಕ್ಕದ ನೀಲಗಿರಿಯಲ್ಲಿ ಟ್ರೌಟ್ ಇದೆ. 1860ರ ದಶಕದಲ್ಲಿ ಮೀನುತಜ್ಞ ಫ್ರಾನ್ಸಿಸ್ ಡೇ ಅಲ್ಲಿಗೆ ತರಲು ನೋಡಿದರು, ಕೈಗೂಡಲಿಲ್ಲ. ಆಮೇಲೆ ಎಚ್. ಸಿ. ವಿಲ್ಸನ್ ಅದನ್ನು ಸಾಧಿಸಿದರು, ಅವಲಾಂಚಿಯಲ್ಲಿ 1907ರಲ್ಲಿ ಮರಿ ಮಾಡುವ ಕೇಂದ್ರ ಶುರುವಾಯಿತು. ಎರಡು ಸಾವಿರ ಮೀಟರ್ ಎತ್ತರದ ಚಳಿಯೇ ಅದನ್ನು ಉಳಿಸಿದ್ದು. ಅಲ್ಲಿ ಅನುಮತಿ ಇಲ್ಲದೆ ನೀರಿನ ಹತ್ತಿರ ಹೋಗಬೇಡಿ, ಸುತ್ತ ಕಾಡು.

ಪೀಟರ್‌ಬರೋದಿಂದ ರಟ್ಲೆಂಡ್, ಗ್ರಾಫಮ್ ಜಲಾಶಯಗಳು ಎರಡೂ ಹತ್ತಿರ. 2010ರಲ್ಲಿ ಗ್ರಾಫಮ್‌ನಲ್ಲೇ ‘ಕಿಲ್ಲರ್ ಶ್ರಿಂಪ್’ ಅನ್ನುವ ಹೊರಗಿನ ಸಿಗಡಿ ಬ್ರಿಟನ್ನಿನಲ್ಲಿ ಮೊದಲು ಕಂಡಿದ್ದು. ಅಲ್ಲಿದ್ದ ಸ್ಥಳೀಯ ಜೀವಿಗಳನ್ನು ಕೊಂದು ತಿನ್ನುತ್ತದೆ. ಒದ್ದೆ ಬೂಟು, ಬಲೆಗಳಲ್ಲಿ ಇನ್ನೊಂದು ನೀರಿಗೆ ದಾಟುತ್ತದೆ. ಆದ್ದರಿಂದ ಒಂದು ಜಲಾಶಯದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಎಲ್ಲವನ್ನೂ ನೋಡಿ, ತೊಳೆದು, ಪೂರ್ತಿ ಒಣಗಿಸಿ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಡುತ್ತಾರೆ, ಆಮೇಲೆ ಸಂಜೆ ಐದಕ್ಕೆಲ್ಲ ಮಬ್ಬು ಕವಿಯುತ್ತದೆ. ಮಗಳಿಗೆ ಹೇಳಿ ಬೆಳಿಗ್ಗೆಯೇ ಹೊರಡಿ.