ವೇಗವರ್ಧಕದ ಕ್ಯಾವಿಟಿಗೆ ಸ್ಟೆಬಿಲೈಜರ್ ಸಾಲದೇ?

ಪ್ರಶ್ನೆ: ನಮ್ಮ ಕಾಫಿ ತೋಟದಲ್ಲಿ ಪಲ್ಪರ್ ಚಾಲೂ ಮಾಡಿದೊಡನೆ ಮನೆಯ ದೀಪಗಳು ಮಂಕಾಗುತ್ತಿದ್ದವು, ಸ್ಟೆಬಿಲೈಜರ್ ಹಾಕಿಸಿದ ಮೇಲೆ ಆ ತೊಂದರೆ ತಗ್ಗಿದೆ. ಕಣವೇಗವರ್ಧಕದ ಕ್ಯಾವಿಟಿಗೆ, ಅಂದರೆ ರೇಡಿಯೊ ಅಲೆ ತುಂಬಿ ಕಣಗಳನ್ನು ವೇಗಗೊಳಿಸುವ ಲೋಹದ ಟೊಳ್ಳಿಗೆ, ಕೊಡುವ ರೇಡಿಯೊ ಆವರ್ತನದ ಶಕ್ತಿಯನ್ನು ಹತೋಟಿಯಲ್ಲಿಡುವುದು ಬಹಳ ಕಷ್ಟವೆಂದು ಓದಿದೆ. ಅಲ್ಲಿಗೂ ಇಂಥದೇ ಉಪಕರಣ ಸಾಲದೇ?
– ಓದುಗರೊಬ್ಬರು, ಆಲ್ದೂರು, ಚಿಕ್ಕಮಗಳೂರು ಜಿಲ್ಲೆ

ಉತ್ತರ: ತಮ್ಮ ಹೋಲಿಕೆ ಒಂದು ಹಂತದವರೆಗೆ ಸರಿಯಾಗಿಯೇ ಇದೆ. ಪಲ್ಪರಿನ ಮೋಟಾರು ಲೈನಿನಿಂದ ಕರೆಂಟು ಎಳೆದುಕೊಳ್ಳುವಂತೆ, ಕ್ಯಾವಿಟಿಯ ಮೂಲಕ ಹಾಯುವ ಕಣಗಳ ಗುಂಪೂ ಅಲ್ಲಿ ಶೇಖರವಾಗಿರುವ ಶಕ್ತಿಯನ್ನು ಹೀರಿಕೊಳ್ಳುತ್ತದೆ, ವೋಲ್ಟೇಜು ಇಳಿಯುತ್ತದೆ. ಆದರೆ ಸ್ಟೆಬಿಲೈಜರ್ ವೋಲ್ಟೇಜಿನ ಪ್ರಮಾಣವನ್ನಷ್ಟೇ ನೋಡುತ್ತದೆ. ಕ್ಯಾವಿಟಿಯಲ್ಲಿ ಪ್ರಮಾಣದ ಜೊತೆಗೆ ಫೇಸನ್ನೂ, ಅಂದರೆ ಅಲೆಯ ಯಾವ ಕ್ಷಣದಲ್ಲಿ ಕಣ ಒಳಗೆ ಬರುತ್ತದೆ ಎಂಬುದನ್ನೂ, ಕಾಯಬೇಕು. 1.3 ಗಿಗಾಹರ್ಟ್ಸ್ ಆವರ್ತನದಲ್ಲಿ ಒಂದು ಡಿಗ್ರಿ ಫೇಸ್ ಎಂದರೆ ಸುಮಾರು ಎರಡು ಪಿಕೊಸೆಕೆಂಡು, ಅಂದರೆ ಸೆಕೆಂಡಿನ ಲಕ್ಷ ಕೋಟಿ ಭಾಗಗಳಲ್ಲಿ ಎರಡು. ಜರ್ಮನಿಯ ಹ್ಯಾಂಬರ್ಗ್ ಬಳಿಯ, ಎಲೆಕ್ಟ್ರಾನುಗಳಿಂದ ಎಕ್ಸ್-ಕಿರಣ ಹೊಮ್ಮಿಸುವ ಯುರೋಪಿಯನ್ ಎಕ್ಸ್‌ಫೆಲ್ ಯಂತ್ರದ ವಿನ್ಯಾಸಕಾರರು ಪ್ರಮಾಣದಲ್ಲಿ ಶೇಕಡಾ 0.01, ಫೇಸಿನಲ್ಲಿ 0.01 ಡಿಗ್ರಿಯ ಸ್ಥಿರತೆಯನ್ನು ಗುರಿಯಾಗಿಟ್ಟುಕೊಂಡರು.

ಕ್ಯಾವಿಟಿಯೊಳಗಿನ ಒಂದು ಸಣ್ಣ ಆಂಟೆನಾ ಅಲ್ಲಿನ ಕ್ಷೇತ್ರದ ಮಾದರಿಯನ್ನು ಎತ್ತಿಕೊಡುತ್ತದೆ. ಆ ಸಂಕೇತವನ್ನು ಕಡಿಮೆ ಆವರ್ತನಕ್ಕಿಳಿಸಿ, ಅಂಕಿಗಳಾಗಿ ಪರಿವರ್ತಿಸಿ, ಬೇಕಾದ ಮೌಲ್ಯದೊಡನೆ ಹೋಲಿಸಿ, ಕಂಡ ವ್ಯತ್ಯಾಸಕ್ಕೆ ತಕ್ಕಂತೆ ಕ್ಲೈಸ್ಟ್ರಾನಿಗೋ (ರೇಡಿಯೊ ಸಂಕೇತವನ್ನು ಬಲವಾಗಿ ವರ್ಧಿಸುವ ನಿರ್ವಾತ ನಳಿಗೆ) ಟ್ರಾನ್ಸಿಸ್ಟರ್ ಆಂಪ್ಲಿಫೈಯರಿಗೋ ಹೋಗುವ ಸಣ್ಣ ಸಂಕೇತವನ್ನು ತಿದ್ದುತ್ತಾರೆ. ಈ ಸುತ್ತು ಮುಗಿಯಲು ಒಂದೆರಡು ಮೈಕ್ರೊಸೆಕೆಂಡು ಹಿಡಿಯುತ್ತದೆ. ತಿದ್ದುಪಡಿಯನ್ನು ವಿಪರೀತ ಬಿಗಿಮಾಡಿದರೆ ಈ ವಿಳಂಬದ ಕಾರಣ ಸುತ್ತು ತಾನೇ ತೊಯ್ದಾಡತೊಡಗುತ್ತದೆ. ಆದ್ದರಿಂದ ಕಣಗಳು ಬರುವ ಸಮಯ ಮೊದಲೇ ಗೊತ್ತಿರುವಲ್ಲಿ, ದೋಷ ಕಾಣುವವರೆಗೆ ಕಾಯದೆ, ಬೇಕಾಗುವ ಹೆಚ್ಚುವರಿ ಶಕ್ತಿಯನ್ನು ಮುಂಗಡವಾಗಿಯೇ ಸೇರಿಸುತ್ತಾರೆ.

ಇಷ್ಟೇ ಆಗಿದ್ದರೆ ಇದನ್ನು ಎಲೆಕ್ಟ್ರಾನಿಕ್ಸಿನ ಸಮಸ್ಯೆ ಎನ್ನಬಹುದಿತ್ತು. ನಿಜವಾದ ತೊಡಕು ಕ್ಯಾವಿಟಿಯ ಆಕಾರದಲ್ಲಿದೆ. ದ್ರವ ಹೀಲಿಯಂನಿಂದ ಸುಮಾರು 2 ಕೆಲ್ವಿನ್ (ಮೈನಸ್ 271 ಡಿಗ್ರಿ ಸೆಲ್ಸಿಯಸ್) ತಾಪಕ್ಕೆ ತಣಿಸಿದ ನಿಯೋಬಿಯಂ ಲೋಹದ ಕ್ಯಾವಿಟಿಯ ಗೋಡೆಗಳಲ್ಲಿ ಶಕ್ತಿಯ ನಷ್ಟ ಬಹಳ ಕಡಿಮೆ, ಹಾಗಾಗಿ ಅದು ಸ್ಪಂದಿಸುವ ಆವರ್ತನದ ವ್ಯಾಪ್ತಿಯೂ ಬಹಳ ಕಿರಿದು: 130 ಕೋಟಿ ಹರ್ಟ್ಸ್‌ನಲ್ಲಿ ಎರಡೂ ಬದಿಗೆ ಇನ್ನೂರು ಹರ್ಟ್ಸ್‌ನಷ್ಟು ಮಾತ್ರ. ಮೀಟರುದ್ದದ ಇಂಥ ಕ್ಯಾವಿಟಿ ಒಂದು ಮೈಕ್ರಾನ್ (ಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ) ಹಿಗ್ಗಿದರೆ ಸಾಕು, ಅದರ ಆವರ್ತನ ಸುಮಾರು 300 ಹರ್ಟ್ಸ್ ಸರಿಯುತ್ತದೆ. ಪಂಪುಗಳ ನಡುಕ, ಹೀಲಿಯಂ ಒತ್ತಡದ ಏರಿಳಿತ ಇಷ್ಟಕ್ಕೆ ಸಾಕಾಗುತ್ತವೆ. ಒಳಗಿನ ವಿದ್ಯುತ್ಕಾಂತ ಕ್ಷೇತ್ರವೇ ಗೋಡೆಗಳನ್ನು ಒತ್ತಿ ಆಕಾರ ಬದಲಿಸುವುದೂ ಉಂಟು. ಮೀಟರಿಗೆ 25 ದಶಲಕ್ಷ ವೋಲ್ಟ್ ಏರಿದಾಗ ಈ ಒಂದೇ ಕಾರಣದಿಂದ ಆರುನೂರು ಹರ್ಟ್ಸ್‌ನಷ್ಟು ವ್ಯತ್ಯಾಸ ಬರುತ್ತದೆ.

ಆಗ ಹೆಚ್ಚು ಪವರ್ ಸುರಿದರಾಯಿತಲ್ಲ ಎಂದು ತಾವು ಕೇಳಬಹುದು. ಕಣಗಳಿಲ್ಲದ ಕ್ಯಾವಿಟಿಯ ಲೆಕ್ಕ ನೋಡಿ: ಆವರ್ತನ ಆ ಇನ್ನೂರು ಹರ್ಟ್ಸ್‌ನಷ್ಟು ತಪ್ಪಿದರೆ ಅದೇ ವೋಲ್ಟೇಜು ಉಳಿಸಿಕೊಳ್ಳಲು ಎರಡು ಪಟ್ಟು, ಅದರ ಮೂರರಷ್ಟು ತಪ್ಪಿದರೆ ಹತ್ತು ಪಟ್ಟು ಪವರ್ ಬೇಕು. ಇದು ತೀರ ದುಬಾರಿಯಾದ ಪರಿಹಾರವೆಂದೇ ನನ್ನ ಖಚಿತ ಅಭಿಪ್ರಾಯ. ವೋಲ್ಟೇಜು ಕೊಟ್ಟರೆ ಹಿಗ್ಗಿ ಕುಗ್ಗುವ ಪೀಜೊ ಹರಳುಗಳಿಂದ ಕ್ಯಾವಿಟಿಯನ್ನೇ ನವಿರಾಗಿ ಹಿಂಡಿ, ಎಳೆದು ಸರಿಯಾದ ಆವರ್ತನಕ್ಕೆ ತರುವುದು, ನಡುಕದ ಮೂಲವನ್ನು ಹುಡುಕಿ ನಿಲ್ಲಿಸುವುದು, ಇವೇ ಮೊದಲು ಮಾಡಬೇಕಾದ ಕೆಲಸ.

ತಾಮ್ರದ ಕ್ಯಾವಿಟಿಗಳು ಇಷ್ಟು ಸೂಕ್ಷ್ಮವಲ್ಲ, ಆದರೆ ಅವು ಬಿಸಿಯಾಗುತ್ತವೆ. ತುಮಕೂರು ಜಿಲ್ಲೆಯಲ್ಲಿ ಹುಟ್ಟಿದ ರಾಜಾ ರಾಮಣ್ಣನವರ ಹೆಸರು ಹೊತ್ತಿರುವ ಇಂದೋರಿನ ಕೇಂದ್ರದಲ್ಲಿ ಇಂಡಸ್-2 ಎಂಬ ವೇಗವರ್ಧಕ 505.8 ಮೆಗಾಹರ್ಟ್ಸ್‌ನಲ್ಲಿ ನಡೆಯುತ್ತದೆ. ಆ ಆವರ್ತನದಲ್ಲಿ ತಾಮ್ರ ಒಂದು ಡಿಗ್ರಿ ಬಿಸಿಯಾದರೆ ಕ್ಯಾವಿಟಿಯ ಆವರ್ತನ ಸುಮಾರು ಎಂಟು ಸಾವಿರ ಹರ್ಟ್ಸ್ ಜಾರುತ್ತದೆ. ಹೀಗಾಗಿ ತಂಪು ನೀರಿನ ತಾಪವನ್ನು ಕಾಯುವುದೂ ಅಲ್ಲಿ ರೇಡಿಯೊ ನಿಯಂತ್ರಣದ ಭಾಗವೇ.

ಪ್ರಶ್ನೆ: ಕ್ಲೈಸ್ಟ್ರಾನ್ ಗರಿಷ್ಠ ಶಕ್ತಿ ಕೊಡುವಾಗಲೇ ಅದರ ದಕ್ಷತೆ ಹೆಚ್ಚು. ಹಾಗಿದ್ದೂ ಅದಕ್ಕಿಂತ ಕೆಳಗೆ ನಡೆಸುವುದೇಕೆ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹಾಸನ

ಉತ್ತರ: ಗರಿಷ್ಠ ಮಟ್ಟ ಮುಟ್ಟಿದ ಕ್ಲೈಸ್ಟ್ರಾನಿಗೆ ಒಳಸಂಕೇತವನ್ನು ಎಷ್ಟು ಹೆಚ್ಚಿಸಿದರೂ ಹೊರಬರುವ ಶಕ್ತಿ ಏರುವುದಿಲ್ಲ. ಅಂದರೆ ವೋಲ್ಟೇಜು ಕುಸಿದಾಗ ಮೇಲೆತ್ತಲು ನಿಯಂತ್ರಣದ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಆ ಅವಕಾಶಕ್ಕಾಗಿಯೇ ದಕ್ಷತೆಯ ಒಂದು ಪಾಲನ್ನು ಬಿಟ್ಟುಕೊಡುತ್ತಾರೆ. ಎಷ್ಟು ಬಿಡಬೇಕೆಂಬುದು ಮೇಲೆ ಹೇಳಿದ ಆವರ್ತನದ ವ್ಯತ್ಯಾಸವನ್ನೇ ಬಹುಮಟ್ಟಿಗೆ ಅವಲಂಬಿಸಿದೆ: ಕ್ಯಾವಿಟಿ ಅಲುಗದಂತೆ ನೋಡಿಕೊಂಡಷ್ಟೂ ಕ್ಲೈಸ್ಟ್ರಾನನ್ನು ಗರಿಷ್ಠದ ಹತ್ತಿರ ನಡೆಸಬಹುದು.